ಸಂಡೂರಿನ ಇಂಗ್ಲಿಷ್ ಸಾಲುಮನೆ

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ಮನೆಗಳ ನಕ್ಷೆ ಬರೆದುಕೊಡುತ್ತಿದ್ದೆ. ನನ್ನನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುತ್ತಿದ್ದೆ. ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಹಂಪಿಯಲ್ಲಿ ಗೆಸ್ಟ್‌ಹೌಸ್ ನಡೆಸುತ್ತಿದ್ದ ಗೆಳೆಯ, ಯಾರೋ ಪ್ರವಾಸಿ ಬಿಟ್ಟುಹೋಗಿದ್ದ ದಪ್ಪ ಪುಸ್ತಕವೊಂದನ್ನು ನನಗೆ ಕೊಟ್ಟ. ಅದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ‘ಟೆರೇಸ್’ ಮನೆಗಳದು. ಇಂಗ್ಲಿಷು ಕಷ್ಟವಿತ್ತು. ಚಿತ್ರ ನೋಡಿಯೇ ಪಂಡಿತನಾದೆ.

ಆಗಲೇ ಸಂಡೂರಿನ ಲಾರಿ ಮಾಲೀಕರೊಬ್ಬರು ಬಂದರು. ಗಣಿ ಆಫೀಸರುಗಳಿಗೆ ಬಾಡಿಗೆ ಕೊಡಲು ಅವರಿಗೆ ಆರು ಮನೆ ಬೇಕಿತ್ತು. ನಾನು ಪುಸ್ತಕ ಬಿಚ್ಚಿದೆ.

“ಇವಕ್ಕ ಟೆರೇಸ್ ಅಂತಾರ್ರಿ.”

“ಟೆರೇಸ್ ಅಂದ್ರ ಮಾಳಿಗಿ ಅಲ್ಲೇನ್ರಿ?”

“ಅದು ನಮ್ ಕಡಿಗ್ರಿ. ಅಲ್ಲಿ ಸಾಲುಮನಿಗೆ ಹಂಗಂತಾರ. ನಡುವಿನ ಗ್ವಾಡಿ ಎರಡೂ ಮನಿಗೆ ಒಂದ.”

ಗೋಡೆಯ ಖರ್ಚು ಉಳಿಯುವ ಮಾತು ಅವರಿಗೆ ಹಿಡಿಸಿತು. “ಮಸ್ತ್ ಐತ್ರಿ, ಫಾರಿನ್ ಇದ್ದಂಗ. ಕಟ್ಟೂಣು,” ಎಂದರು.

ಚಿತ್ರದಲ್ಲಿದ್ದದ್ದೆಲ್ಲ ಸಂಡೂರಿಗೆ ಬಂತು. ಅಗಲ ಕಡಿಮೆ, ಉದ್ದ ಜಾಸ್ತಿಯ ಮನೆಗಳು, ಮೇಲಕ್ಕೆ ಸರಿಸಿ ತೆರೆಯುವ ಎತ್ತರದ ಕಿಟಕಿಗಳು, ಬಾಗಿಲ ಮೇಲೆ ಬೀಸಣಿಗೆಯಂಥ ಗಾಜು, ಮುಂದೆ ಕಲ್ಲಿನ ಮೆಟ್ಟಿಲು, ಇಳಿಜಾರು ಹೆಂಚು. ನಡುಮನೆಯಲ್ಲಿ ಚಳಿ ಕಾಯಿಸಿಕೊಳ್ಳಲು ಒಲೆ, ಹೊಗೆ ಹೋಗಲು ಅದಕ್ಕೊಂದು ಚಿಮಣಿ. ಸಂಡೂರಿನಲ್ಲಿ ಯಾವ ಚಳಿ ಎಂದು ನಾನು ಕೇಳಿಕೊಳ್ಳಲಿಲ್ಲ. ಕಿಟಕಿಗೆ ಸಜ್ಜಾ ಹಾಕಿಸಲಿಲ್ಲ, ಚಿತ್ರದಲ್ಲಿ ಇರಲಿಲ್ಲವಲ್ಲ.

ಬೇಸಿಗೆ ಶುರುವಾಗುತ್ತಲೇ ಮಾಲೀಕರ ಫೋನು. “ಮಂದಿ ಬೇಯಾಕತ್ಯಾರ್ರಿ. ನಡುವಿನದೊಂದು ಮನಿ ಖಾಲಿ ಐತಿ. ಈ ಬ್ಯಾಸಗಿ ನೀವಾ ಇದ್ದು ನೋಡ್ರಿ.”

ಇಲ್ಲವೆನ್ನುವ ಮುಖ ಇರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋದೆ. ಎರಡೂ ಪಕ್ಕ ಬೇರೆ ಮನೆಗಳಿಗೆ ಅಂಟಿದ ಗೋಡೆಯಾದ್ದರಿಂದ ಗಾಳಿ ಒಳಗೆ ಬರುತ್ತಲೇ ಇರಲಿಲ್ಲ. ಬಿಸಿಲು ಮಾತ್ರ ನೇರ ಹಾಸಿಗೆಗೇ ಬರುತ್ತಿತ್ತು. ಚಿಮಣಿಯಿಂದ ಕೆಂಪು ಧೂಳು ಇಳಿದು ಹಾಲಿನ ಪಾತ್ರೆಯ ಮೇಲೆ ಕೂರುತ್ತಿತ್ತು. ಸೆಖೆಗೆ ಮಾಳಿಗೆ ಹತ್ತಿ ಮಲಗೋಣವೆಂದರೆ ಅಲ್ಲಿ ಇಳಿಜಾರು ಹೆಂಚು.

“ಟೆರೇಸ್ ಮನಿ ಅಂತೀರಿ, ಮಲಗಾಕ ಟೆರೇಸ ಇಲ್ಲಲ್ಲ!” ಎಂದಳು ಹೆಂಡತಿ. ಇಂಗ್ಲೆಂಡಿನ ಪದ್ಧತಿಯನ್ನು ವಿವರಿಸಲು ಹೋದೆ. ಅವಳು ಬೀಸಣಿಗೆ ನನ್ನ ಕೈಗಿಟ್ಟು ಮಗ್ಗುಲಾದಳು.

ಬಾಗಿಲುಗಳೂ ಆರಕ್ಕೆ ಆರು ಒಂದೇ ತರಹ, ಒಂದೇ ಹಸಿರು. ಒಂದು ಮಧ್ಯಾಹ್ನ ಬಿಸಿಲಲ್ಲಿ ಬಂದವನು ಚಪ್ಪಲಿ ಬಿಟ್ಟು, ಅಂಗಿ ಕಳಚಿ, ಕುರ್ಚಿಗೆ ಒರಗಿ, “ಒಂದೀಟು ಚಾ ಮಾಡ,” ಎಂದು ಕೂಗಿದೆ. ಅಡುಗೆಮನೆಯಿಂದ ಬಂದದ್ದು ಪಕ್ಕದ ಮನೆಯ ಅಜ್ಜಿ.

“ಚಾ ಮಾಡ್ತೀನ್ರಿ ಸರ,” ಎಂದರು ಆಕೆ, “ಮೊದ್ಲು ಅಂಗಿ ಹಾಕ್ಕೊರ್ರಿ.”

ನಾನೇ ನಕ್ಷೆ ಬರೆದ ಸಾಲಿನಲ್ಲಿ ನನ್ನ ಮನೆ ನನಗೇ ಸಿಗಲಿಲ್ಲವೆಂಬ ಸುದ್ದಿ ಸಂಜೆಯೊಳಗೆ ಆರೂ ಮನೆಗೆ ತಲುಪಿತು. ನಾಲ್ಕು ದಿನ ತಲೆ ತಗ್ಗಿಸಿ ಓಡಾಡಿದೆ.

ಹೆಂಡತಿ ನಮ್ಮ ಬಾಗಿಲಿಗೆ ಅರಿಶಿನ ಬಣ್ಣ ಬಳಿಸಿದಳು. ಅಜ್ಜಿ ತಮ್ಮದಕ್ಕೆ ನೀಲಿ ಬಳಿಸಿದರು. ಹೆಂಡತಿಯ ಮಾತಿನಂತೆ ಚಿಮಣಿಗಳ ಬಾಯಿಗೆ ಕಡಪ ಕಲ್ಲು ಬಿತ್ತು, ಕಿಟಕಿಗಳಿಗೆ ತಗಡಿನ ಸಜ್ಜಾ ಬಂತು. ಮಳೆಗಾಲದ ಹೊತ್ತಿಗೆ ಇಂಗ್ಲೆಂಡು ಹುಡುಕಿದರೂ ಕಾಣುತ್ತಿರಲಿಲ್ಲ. ಮನೆಗಳಲ್ಲಿ ಜನ ನೆಮ್ಮದಿಯಾಗಿ ಇರತೊಡಗಿದರು. ನನಗೆ ಒಳಗೊಳಗೇ ಬೇಜಾರಾಯಿತೆಂದರೆ ನನ್ನ ಬುದ್ಧಿ ಎಂಥದ್ದಿರಬೇಕು!

ಒಂದು ಸಂಜೆ ಮಾಲೀಕರು ಸಾಲನ್ನೆಲ್ಲ ಸುತ್ತಿ ನೋಡಿ ನಮ್ಮ ಮನೆಗೆ ಬಂದರು. “ಕಂಪ್ಲಿಯಾಗ ಇನ್ನೊಂದು ಸಾಲು ಕಟ್ಟಸ್ತೀನಿ. ನಕ್ಷಿ ನೀವಾ ಬರೀರಿ,” ಎಂದರು. ನಾನು ಎದೆ ಉಬ್ಬಿಸಿದೆ. “ಆದ್ರ ಅಮ್ಮಾರನ್ನ ಕೇಳಿ ಬರೀರಿ,” ಎಂದು ಸೇರಿಸಿದರು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕುಳಿತಳು. “ಗಾಳಿ ಯಾವ ಕಡೀಂದ ಬೀಸತೈತ್ರಿ ಅಲ್ಲಿ?” ಎಂದು ಮಾಲೀಕರನ್ನು ಕೇಳಿದಳು. ನಾನು ಪೆನ್ಸಿಲ್ ಚೂಪು ಮಾಡತೊಡಗಿದೆ.