ಕಚ್ಚು ರೆಕ್ಕೆಯ ತಾಯಿಯನ್ನು ಕಾದವರು

ಉಣ್ಣೆಯ ಟೋಪಿಯನ್ನು ಎಡಗಿವಿಯ ಮೇಲೆ ಮಾತ್ರ ಮಡಚಿ, ಆ ಕಿವಿ ಕೆಂಪಾಗುವವರೆಗೂ ಗಾಳಿಗೆ ಒಡ್ಡಿ ಕೂರುವುದು ಮೇಲ್ಮನೆಯ ಅಕ್ಕನ ಪದ್ಧತಿ. ದೋಣಿಯಲ್ಲಿದ್ದವರೆಲ್ಲ ಕಣ್ಣಿಗೆ ದುರ್ಬೀನು ಹಿಡಿದರೆ ಅವರು ನೀರಿಗೆ ಕಿವಿ ಕೊಡುತ್ತಿದ್ದರು.

ಡಚ್ಚರ ನಾಡಿನ ಹೂಫ್‌ಡಾರ್ಪ್‌ನಲ್ಲಿ ನಮ್ಮ ತಲೆಯ ಮೇಲಿನ ಫ್ಲ್ಯಾಟು ಅವರದು. ಊರು ಹೊನ್ನಾವರ. ನಿವೃತ್ತರಾಗುವವರೆಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದರು. ಪ್ರತಿ ಬೇಸಿಗೆ ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಅಲ್ಲಿಯದೇ ಕಡಲತಡಿಯ ಜೀಲ್ಯಾಂಡಿಗೆ ಹೊರಡುವರು. ಅಲ್ಲಿನ ಒಳಗಡಲಿನಲ್ಲಿ ಬ್ರೌನ್‌ವಿಸ್‌ಗಳಿವೆ. ತಿಮಿಂಗಿಲದ ಬಳಗದವು, ಉದ್ದ ಮಾತ್ರ ಮನುಷ್ಯನಷ್ಟೇ. ಅಕ್ಕನ ಚೀಲದಲ್ಲಿ ಅವಲಕ್ಕಿ ಡಬ್ಬಿ, ಶುಂಠಿ ಕಷಾಯದ ಫ್ಲಾಸ್ಕು, ಒಂದು ನೀಲಿ ನೋಟುಪುಸ್ತಕ. ಯಾವ ತಾಯಿ, ಮರಿ ಯಾವ ಮಗ್ಗುಲಲ್ಲಿ ಈಜಿತು, ಎಷ್ಟು ಉಸಿರೆಳೆದು ಮುಳುಗಿತು, ಎಲ್ಲ ಅದರಲ್ಲಿ. ಬೆನ್ನಿನ ರೆಕ್ಕೆಯಲ್ಲಿ ಕಚ್ಚು ಬಿದ್ದಿದ್ದ ಒಂದು ತಾಯಿಯ ಮೇಲೆ ವಿಶೇಷ ಕಕ್ಕುಲಾತಿ.

"ಯಾಕಕ್ಕಾ, ಅದೊಂದೇ?"

"ಪಕ್ಕದ ಮನೆ ಸುದ್ದಿ ಎಂತಕ್ಕೆ ಅಂತಾರೆ ಇಲ್ಲಿಯವರು. ನಂಗೆ ಬೇಕು ಮಾರಾಯ್ತಿ! ಅವಳ ಸಂಸಾರ ಅರ್ಧ ಗೊತ್ತಾಗಿದೆ, ಇನ್ನರ್ಧ ಬಿಡೂಕೆ ಆಗ್ತದ್ಯಾ?"

ಕೊನೆಯ ಸಲ ಹೋದಾಗ ಅವರಿಗೆ ಕಣ್ಣು ಮಂಜಾಗಿತ್ತು. ಇನ್ನೊಂದು ಬೇಸಿಗೆ ಸಿಗಲಾರದೆಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ವರ್ಷ ಕಚ್ಚು ರೆಕ್ಕೆಯ ತಾಯಿ ಕಂಡಿರಲಿಲ್ಲ. ಅದು ಇದೆಯೋ ಇಲ್ಲವೋ, ಅಷ್ಟು ತಿಳಿದರೆ ಸಾಕೆಂದಿದ್ದರು.

ಎರಡು ಗಂಟೆ ಬರಿಯ ನೀರು. ಆಮೇಲೆ ದೂರದಲ್ಲಿ ಒಂದು ಕಪ್ಪು ಬೆನ್ನು ಎದ್ದು ಮುಳುಗಿತು. ರೆಕ್ಕೆ ನನಗೆ ಸರಿಯಾಗಿ ಕಾಣಲೇ ಇಲ್ಲ.

"ಬಂತು ಅಕ್ಕಾ! ಅದೇ, ಕಚ್ಚು ಕಾಣ್ತು," ಎಂದುಬಿಟ್ಟೆ.

"ಕಚ್ಚು ಮೇಲಿತ್ತಾ, ಕೆಳಗಿತ್ತಾ?"

ನಾನು ದುರ್ಬೀನನ್ನು ಮತ್ತೆ ಕಣ್ಣಿಗೆ ಒತ್ತಿದೆ. ಅಕ್ಕ ನಕ್ಕರು. "ಊರಿಗೆ ಫೋನ್ ಮಾಡಿದಾಗ 'ಎಲ್ಲಾ ಆರಾಮು' ಅಂತೀವಲ್ಲ, ಹಂಗೆ ಹೇಳಿದ್ಯಾ? ನಂಗೆ ಹೇಳು, ಅಡ್ಡಿಲ್ಲ. ಪುಸ್ತಕಕ್ಕೆ ಹೇಳ್ಬೇಡ ತಂಗಿ. ನಾಳೆ ಯಾರಾದ್ರೂ ಅವಳನ್ನ ಹುಡುಕ್ತಾ ಬಂದ್ರೆ?"

ದೋಣಿಯವನು ಎಂಜಿನ್ ನಿಲ್ಲಿಸಿದ್ದ. ಫುಸ್ ಎಂದು ಒಂದು ಉಸಿರು. ಅದರ ಬೆನ್ನಿಗೇ ತೆಳ್ಳಗೆ ಇನ್ನೊಂದು. ಅಕ್ಕ ನನ್ನ ಮಣಿಕಟ್ಟು ಹಿಡಿದರು.

"ಎರಡು. ಮರಿ ಉಂಟು."

"ಅವಳೇನಾ?"

"ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಬರಿ."

ಹಾಗೆಯೇ ಬರೆದೆ.

ಆ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಹೊನ್ನಾವರದಿಂದ ಅವರ ತಂಗಿ ಫೋನ್ ಮಾಡಿ, "ಕಷ್ಟಪಟ್ಲಾ?" ಎಂದು ಕೇಳಿದರು. 'ಇಲ್ಲ, ಆರಾಮಾಗಿ ಹೋದ್ರು' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ಒಂದು ವಾರ ಪಟ್ಟರು. ಕೊನೇ ದಿನ ಬೆಳಿಗ್ಗೆ ನೋವಿರಲಿಲ್ಲ. ಕಷಾಯ ಕೇಳಿ ಎರಡು ಗುಟುಕು ಕುಡಿದರು."

ಆ ಕಡೆಯಿಂದ ಬಹಳ ಹೊತ್ತು ಉಸಿರಷ್ಟೇ ಕೇಳಿಸುತ್ತಿತ್ತು. ಫೋನನ್ನು ಎಡಗಿವಿಗೆ ಒತ್ತಿಕೊಂಡು ಕಾದೆ.