ಆರ್ಡಿಸ್ ಅತ್ತಿಗೆಯ ಡಬ್ಬಿ ಅಡುಗೆ

ಸರೋವರದ ದಡದ ನಮ್ಮ ಡುಲೂತ್‌ನಲ್ಲಿ ಅದಿರು ಹಡಗಿಗೆ ಗಂಡನನ್ನು ಕೊಟ್ಟ ಹೆಂಗಸರಿಗೆ ವರ್ಷದಲ್ಲಿ ಎರಡೇ ಕಾಲ. ಸರೋವರ ಹೆಪ್ಪುಗಟ್ಟಿದರೆ ಗಂಡ ಮನೆಯಲ್ಲಿ. ಕರಗಿತೋ, ಮತ್ತೆ ಕ್ರಿಸ್‌ಮಸ್ ಹತ್ತಿರವಾಗುವವರೆಗೆ ಅವನಿಲ್ಲ. ನನ್ನ ಅಣ್ಣ ಐನಾರ್ ಅಂಥದೊಂದು ಹಡಗಿನಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದ. ಅವನ ಹೆಂಡತಿ ಆರ್ಡಿಸ್ ಹಗಲೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ, ಸಂಜೆ ಬಸ್ಸಿಳಿದು ಮೂರು ಮಕ್ಕಳ ಹಸಿವಿನ ನಡುವೆ ಬಂದು ನಿಲ್ಲುತ್ತಿದ್ದಳು.

ಕೋಟು ಬಿಚ್ಚುವ ಮೊದಲೇ ಓವನ್ ಹೊತ್ತಿಸುವಳು. ಖೀಮಾ, ಈರುಳ್ಳಿ ಹುರಿದು ಗಾಜಿನ ಪಾತ್ರೆಗೆ ಸುರಿದು, ಮೇಲೆ ಡಬ್ಬಿಯ ಹುರುಳಿಕಾಯಿ, ಅದರ ಮೇಲೆ ಡಬ್ಬಿಯ ಅಣಬೆ ಸೂಪನ್ನು ನೀರು ಬೆರೆಸದೆ ಹಾಗೇ ಹರಡಿ, ಕೊನೆಗೆ ಫ್ರೀಜರಿನ ಆಲೂಗಡ್ಡೆ ಉಂಡೆಗಳನ್ನು ಒತ್ತೊತ್ತಾಗಿ ಜೋಡಿಸುವಳು. ನಾವು ಇದನ್ನು ಹಾಟ್‌ಡಿಶ್ ಅನ್ನುತ್ತೇವೆ. ಮೇಲ್ಭಾಗ ಕೆಂಪಾಗುವಷ್ಟರಲ್ಲಿ ಮಕ್ಕಳ ಒಂದು ಜಗಳ ಬಗೆಹರಿದು, ಒಂದು ಒಗೆತ ಮುಗಿದಿರುತ್ತಿತ್ತು. ಕೈ ಬಿಗಿಯಾದ ವಾರ ಖೀಮಾದ ಜಾಗಕ್ಕೆ ಡಬ್ಬಿ ಮೀನು, ಉಂಡೆಯ ಜಾಗಕ್ಕೆ ಮ್ಯಾಕರೋನಿ.

ಬ್ರೆಡ್ಡನ್ನೂ ಮನೆಯಲ್ಲೇ ಸುಡುತ್ತಿದ್ದ ನಮ್ಮಮ್ಮನಿಗೆ ಇದು ಸೇರುತ್ತಿರಲಿಲ್ಲ. ಒಂದು ಭಾನುವಾರ ಊಟದ ಮುಂದೆ ಕೂತು ನನಗೆ ಹೇಳಿದಳು: "ನಿಮ್ಮತ್ತಿಗೆಗೆ ಬೇರೆ ಚಾಕುನೇ ಬೇಡ ಕಣೆ. ಡಬ್ಬಿ ಕೊಯ್ಯೋದೊಂದಿದ್ರೆ ಸಂಸಾರ ನಡೆಸ್ತಾಳೆ."

"ಅದೂ ಮೊಂಡಾಗಿದೆ ಅತ್ತೆ," ಅಂದಳು ಆರ್ಡಿಸ್. "ಕ್ರಿಸ್‌ಮಸ್‌ಗೆ ಹೊಸದೊಂದು ಕೊಡ್ಸಿ."

ಅಮ್ಮನ ಮಾತು ಅವಳಿಗೆ ತಾಗುತ್ತಿರಲಿಲ್ಲ. ತಾಗುತ್ತಿದ್ದದ್ದು ಅಣ್ಣನ ಮಾತು. ಹಡಗಿನಲ್ಲಿ ಊಟವೆಂದರೆ ಊಟ. ಇಡೀ ತೊಡೆಮಾಂಸ ಸುಡುವರು, ನಿಂಬೆಹಣ್ಣಿನ ಸಿಹಿ ಪೈ ಮಾಡುವರು. ಐನಾರ್ ಚಳಿಗಾಲವೆಲ್ಲ ಅದನ್ನೇ ವರ್ಣಿಸುತ್ತಿದ್ದ. ಒಂದು ಜನವರಿಯಲ್ಲಿ ಆರ್ಡಿಸ್ ರಜೆ ಹಾಕಿ, ಬೆಳಗಿನಿಂದ ಒಲೆ ಮುಂದೆ ನಿಂತು ಅಂಥದೇ ಮಾಂಸ ಸುಟ್ಟಳು. ಅದು ಒಣಗಿ ಹಗ್ಗವಾಗಿತ್ತು. ಐನಾರ್ ಅಗಿದು ನುಂಗಿ, ಆಮೇಲೆ ಕೇಳಿದ, "ನಿನ್ನ ಆ ಡಬ್ಬಿದು ಮಾಡಿಲ್ವಾ?"

"ಹಡಗಿನ ಥರ ಇರ್ಲಿ ಅಂತ ಮಾಡಿದ್ನಲ್ಲ."

"ಹಡಗಿಂದು ಹಡಗಲ್ಲೇ ಸಿಗುತ್ತೆ. ಅಲ್ಲಿ ಕೂತು ನಾನು ನೆನೆಸ್ಕೊಳ್ಳೋದು ಇದನ್ನಲ್ಲ."

"ಸುಮ್ನೆ ಹೇಳ್ತೀಯ," ಅಂದಳು. ಆದರೆ ಪಾತ್ರೆ ತೊಳೆಯುವಾಗ ಅವಳ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಆ ವರ್ಷದ ಶರತ್ಕಾಲದಲ್ಲಿ ಒಂದು ದಿನ, ಹಡಗು ಸಂಜೆ ನಮ್ಮೂರ ಹಡಗುಕಟ್ಟೆಗೆ ಅದಿರು ತುಂಬಲು ಬರುತ್ತದೆಂದು ಸುದ್ದಿ ಬಂತು. ಐನಾರ್ ಮನೆಗೆ ಬರುವಂತಿಲ್ಲ. ಕಟ್ಟೆಯ ಗೇಟಿನವರೆಗೆ ಬಂದು ಹೋಗಬಹುದು, ಅಷ್ಟೇ. ಆರ್ಡಿಸ್ ಹಾಟ್‌ಡಿಶ್ ಬೇಯಿಸಿ, ಪಾತ್ರೆಯನ್ನು ಟವೆಲ್ಲುಗಳಲ್ಲಿ ಸುತ್ತಿ, ನನ್ನ ತೊಡೆಯ ಮೇಲಿಟ್ಟಳು. ಮಕ್ಕಳು ಹಿಂದೆ. ಗೇಟಿನೆದುರು ಕಾರು ನಿಲ್ಲಿಸಿ ಕಾದೆವು. ಗಾಳಿ ಜೋರಾಗಿ ಹಡಗು ಬಂದರಿನ ಹೊರಗೇ ನಿಂತಿತ್ತು. ಕಾರಿನ ತುಂಬ ಈರುಳ್ಳಿಯ ವಾಸನೆ.

"ಅಮ್ಮ, ಒಂದೇ ಒಂದು ಉಂಡೆ," ಅಂದಳು ದೊಡ್ಡವಳು ರೋಂಡಾ.

"ಅಪ್ಪ ಬರ್ಲಿ."

ಕತ್ತಲಾಗುತ್ತ ಬಂದಾಗ ಅತ್ತಿಗೆಯೇ ಸೋತು ಚಮಚ ಕೊಟ್ಟಳು. ಮಕ್ಕಳು ಪಾತ್ರೆಯಿಂದಲೇ ತಿಂದರು. ಒಂದು ಮೂಲೆಗೆ ಮಾತ್ರ ಕೈ ಅಡ್ಡ ಹಿಡಿದಿದ್ದಳು. ಕೊನೆಗೂ ಐನಾರ್ ಬಂದ. ಮೈಯೆಲ್ಲ ಅದಿರಿನ ಕೆಂಪು ದೂಳು. ಮಕ್ಕಳನ್ನು ತಬ್ಬಲು ಹೋಗಿ, ತನ್ನ ಅಂಗಿ ನೋಡಿಕೊಂಡು ಹಿಂದೆ ಸರಿದ. ತಣ್ಣಗಾದ ಆ ಮೂಲೆಯನ್ನು ನಿಂತೇ ಕೆರೆದು ತಿಂದ.

"ಬಿಸಿ ಇಲ್ಲ," ಅಂದಳು ಆರ್ಡಿಸ್.

"ಇರ್ಲಿ ಬಿಡು. ಸ್ವಲ್ಪ ಹೊತ್ತು ಹಿಂಗೇ ನಿಂತ್ಕೊ."

ಅವಳು ನಿಂತಳು. ಆಮೇಲೆ ಕಟ್ಟೆಯಿಂದ ಯಾರೋ ಕೂಗಿದರು, ಅವನು ಹೋದ. ಅಂಥ ಸಂಜೆಗಳು ಆಮೇಲೂ ಬಹಳ ಬಂದವು. ಊಟ ಮುಗಿದ ಮೇಲೂ, ಹೊರಟ ಹಡಗಿನ ದೀಪ ನೀರಿನಂಚಿಗೆ ಇಳಿಯುವವರೆಗೆ ಅವಳು ಕಾರು ತಿರುಗಿಸುತ್ತಿರಲಿಲ್ಲ. ಗಂಡನಿಗಾಗಿ ಹಂಬಲಿಸುತ್ತಾಳೆ ಅಂದುಕೊಂಡಿದ್ದೆ. ಅದು ಅರ್ಧ ನಿಜ.

ಮಕ್ಕಳು ದೊಡ್ಡವರಾದ ಮೇಲೆ ಐನಾರ್‌ನ ಮಂಡಿ ಕೆಟ್ಟು, ಅವನು ಹಡಗು ಬಿಟ್ಟ. ಅದೇ ವಸಂತದಲ್ಲಿ ಆರ್ಡಿಸ್, ಐವತ್ತು ದಾಟಿದವಳು, ಹಡಗಿನ ಅಡುಗೆಮನೆಗೆ ಸಹಾಯಕಿಯಾಗಿ ಸೇರಿಕೊಂಡಳು. ಆಗತಾನೇ ಹೆಂಗಸರನ್ನು ತೆಗೆದುಕೊಳ್ಳತೊಡಗಿದ್ದರು.

"ನಾನು ಮನೇಲಿರೋ ಹೊತ್ತಿಗೆ ನೀನು ಹೊರಟ್ಯಾ?" ಅಂದ ಅಣ್ಣ.

"ಇಷ್ಟು ವರ್ಷ ದಡದಲ್ಲಿ ನಿಂತು ನೋಡಿದೀನಿ. ನೀನು ಎಲ್ಲಿಗೆ ಹೋಗ್ತಿದ್ದೆ ಅಂತ ಒಂದ್ಸಲ ನೋಡ್ಬೇಡ್ವಾ?"

ಅವನಿಗೆ ಕೋಪ ಬಂತು. ಆದರೂ ಹೊರಡುವ ಬೆಳಿಗ್ಗೆ ಅವಳ ಪೆಟ್ಟಿಗೆಯನ್ನು ಕುಂಟುತ್ತ ತಾನೇ ಹೊತ್ತು ತಂದ.

ಹಡಗಿನಲ್ಲಿ ಅವಳ ಮೇಲಿನವನು ಡಬ್ಬಿ ಮುಟ್ಟಗೊಡದ ಬಾಣಸಿಗ. ಒಂದು ಬಿರುಗಾಳಿಯ ದಿನ ಅವನಿಗೆ ಜ್ವರ ಬಂದು, ಅಡುಗೆ ಇವಳ ಪಾಲಿಗೆ ಬಂತು. ತುರ್ತಿಗೆಂದು ಉಗ್ರಾಣದಲ್ಲಿಟ್ಟಿದ್ದ ಸೂಪಿನ ಡಬ್ಬಿಗಳನ್ನು ಕೊಯ್ದು ದೊಡ್ಡ ದೊಡ್ಡ ಟ್ರೇಗಳಲ್ಲಿ ಹಾಟ್‌ಡಿಶ್ ಮಾಡಿದಳು. ಎಲ್ಲರೂ ಮತ್ತೆ ಮತ್ತೆ ಬಡಿಸಿಕೊಂಡರು. ಇಂಜಿನ್ ಕೋಣೆಯ ಮುದುಕನೊಬ್ಬ ಮಾತ್ರ ತಟ್ಟೆ ದೂಡಿದ.

"ಚೆನ್ನಾಗಿಲ್ವಾ?" ಅಂತ ಕೇಳಿದಳು.

"ಚೆನ್ನಾಗಿದೆ ತಾಯಿ. ಇದನ್ನ ತಿಂದ್ರೆ ಮನೆ ನೆನಪಾಗಿ ರಾತ್ರಿಯೆಲ್ಲ ನಿದ್ದೆ ಬರಲ್ಲ. ಎರಡು ಬ್ರೆಡ್ಡು ಕೊಡು."

ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟು, ಅವನು ತಿನ್ನುವವರೆಗೆ ಎದುರಿಗೆ ಕೂತಿದ್ದಳಂತೆ. ಐನಾರ್ ಆ ದಿನ ಊರಲ್ಲಿ ಏನು ತಿಂದಿರಬಹುದು ಅಂತ ಯೋಚಿಸುತ್ತ.

ಕೆಲವು ವರ್ಷ ಹೀಗೆ ಓಡಾಡಿ ಅವಳೂ ದಡಕ್ಕೆ ಬಂದಳು. ಈಗ ಇಬ್ಬರೂ ಮನೆಯಲ್ಲೇ. ಮೊನ್ನೆ ಹೋಗಿದ್ದಾಗ ಕೇಳಿದೆ, "ಈಗ ಸಮಾಧಾನವಾ ಅತ್ತಿಗೆ?"

"ಅಲ್ಲಿದ್ದಾಗ ಈ ಅಡುಗೆಮನೆ ಬೇಕು ಅನ್ನಿಸ್ತಿತ್ತು," ಅಂದಳು. "ಈಗ ಇಲ್ಲಿ ತಟ್ಟೆ ತೊಳೀತಾ ನಿಂತ್ರೆ, ಕಾಲ ಕೆಳಗೆ ನೆಲ ಅಲುಗಾಡ್ತಿಲ್ವಲ್ಲ ಅನ್ಸುತ್ತೆ."