ಮಡಚದೆ ಬರೆದ ಮುಖ

ಮೊಳಕಾಲ್ಮೂರಿನಲ್ಲಿ ನಮ್ಮಪ್ಪ ರೇಷ್ಮೆ ಸೀರೆಯ ಅಂಚಿಗೆ ಚಿತ್ರ ಬರೆಯುತ್ತಿದ್ದರು. ಗ್ರಾಫ್ ಹಾಳೆಯ ಮೇಲೆ ನವಿಲು, ಹಂಸ, ಮಾವಿನಕಾಯಿ. ಓದು ಬಿಟ್ಟ ಮೇಲೆ ನಾನೂ ಅವರ ಪಕ್ಕ ಕೂತೆ. ಸ್ವಲ್ಪ ಕಾಲದಲ್ಲೇ ನನ್ನ ನವಿಲು ಅವರ ನವಿಲಿಗಿಂತ ಚೆನ್ನಾಗಿ ಕತ್ತು ಕೊಂಕಿಸತೊಡಗಿತು. ಇದನ್ನು ನಾನೇ ಹೇಳಿಕೊಳ್ಳಬೇಕು, ಅಪ್ಪ ಯಾವತ್ತೂ ಒಪ್ಪಲಿಲ್ಲ.

ಆಗ ತೊಂಬತ್ತರ ದಶಕದ ಕೊನೆ. ನಮ್ಮ ಸೀಮೆಯ ದೊಡ್ಡ ರಾಜಕಾರಣಿಯೊಬ್ಬರ ಹೆಂಡತಿ ಚಳ್ಳಕೆರೆಯಲ್ಲಿ ಬಡವರಿಗಾಗಿ ಕಣ್ಣಿನ ಶಿಬಿರ ನಡೆಸುತ್ತಿದ್ದರು. ಗಂಡ ಭಾಷಣ ಮಾಡಿ ಕಾರು ಹತ್ತಿದರೆ, ಈಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುದುಕ ಮುದುಕಿಯರಿಗೆ ಗಂಜಿ ಕುಡಿಸುತ್ತ ಉಳಿಯುತ್ತಿದ್ದರು. ನಮ್ಮಜ್ಜಿಗೂ ಅಲ್ಲೇ ಪೊರೆ ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅಜ್ಜಿಯದು ಒಂದೇ ಹಟ. “ಆಯಮ್ಮನ ಕೈ ಗೊತ್ತೈತೆ, ದನಿ ಗೊತ್ತೈತೆ. ಮುಖ ಒಂದ್ಸಲ ನೋಡ್ಬೇಕು ಕಣೇ.”

ಪಟ್ಟಿ ಬಿಚ್ಚಿ ಕನ್ನಡಕ ಕೊಡುವ ಕೊನೆಯ ದಿನ ಆ ರಾಜಕಾರಣಿಯ ಹೆಂಡತಿಗೆ ಸನ್ಮಾನ ಮಾಡಿ, ಆಕೆಯದೇ ಚಿತ್ರವನ್ನು ಕೊಡುವುದೆಂದು ಶಿಬಿರದ ಕಮಿಟಿ ತೀರ್ಮಾನಿಸಿತು. ಆದರೆ ಬರೆಯುವವರು ಯಾರು? ಊರಿನ ಬೋರ್ಡು ಬರೆಯುವವರಿಗೆಲ್ಲ ಗಂಡನ ಮುಖ ಬಾಯಿಪಾಠ, ಹೆಂಡತಿಯದು ಯಾರಿಗೂ ಬಾರದು. ಪೇಪರಿನ ಫೋಟೊಗಳಲ್ಲೆಲ್ಲ ಆಕೆಯ ಅರ್ಧ ಮುಖ ಗಂಡನ ಹಾರದ ಹಿಂದೆ ಮರೆಯಾಗಿತ್ತು.

ಅಜ್ಜಿಯನ್ನು ನೋಡಲು ಅಪ್ಪನ ಜೊತೆ ಶಿಬಿರಕ್ಕೆ ಹೋಗಿದ್ದ ನಾನು, “ನಾನ್ ಬರಿತೀನಿ” ಅಂದೆ.

“ಹಂಸ ಬರೆದಂಗಲ್ಲ ಅದು. ಸುಮ್ಕಿರು” ಅಂದರು ಅಪ್ಪ.

ಕಮಿಟಿಯ ಅಧ್ಯಕ್ಷರು ಎಣ್ಣೆ ಮಿಲ್ಲಿನ ಯಜಮಾನರು. ಅವರು ನಕ್ಕು, “ಬರೀಲಿ ಬಿಡ್ರಿ. ಗುರ್ತು ಸಿಕ್ರೆ ವೇದಿಕೆಗೆ, ಇಲ್ದಿದ್ರೆ ಶಾಲು ಹೊದ್ಸಿ ಮುಗಿಸೋಣ” ಅಂದರು.

ಅಂಚಿನ ಚಿತ್ರವನ್ನು ನಾವು ಪೂರ್ತಿ ಬರೆಯುವುದಿಲ್ಲ. ಅರ್ಧ ಬರೆದು, ಹಾಳೆ ಮಡಚಿ, ಉಳಿದರ್ಧಕ್ಕೆ ಅದರದೇ ಅಚ್ಚು ತೆಗೆಯುತ್ತೇವೆ. ಫೋಟೊದಲ್ಲೂ ಅರ್ಧ ಮುಖವೇ ಇತ್ತಲ್ಲ, ನನಗೆ ಅನುಕೂಲವೇ ಆಯಿತು. ಬರೆದೆ, ಮಡಚಿದೆ, ಅಚ್ಚು ತೆಗೆದೆ. ಎಷ್ಟು ಚೆಂದದ ಮುಖ ಅಂತೀರಿ! ಕುಣಿದಾಡಿಕೊಂಡು ಒಯ್ದೆ.

ಯಜಮಾನರು ತಿರುಗಿಸಿ ಮುರುಗಿಸಿ ನೋಡಿ, “ಭಾಳ ಚೆನ್ನಾಗೈತಮ್ಮ. ಯಾವೂರ ದೇವಿ ಇದು?” ಅಂದರು. ಕಮಿಟಿಯೆಲ್ಲ ಗೊಳ್ಳೆಂದಿತು. ಅಪ್ಪ ತಲೆ ತಗ್ಗಿಸಿದರು. ಅವರ ನಗುವನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ, ಅಪ್ಪ ತಲೆ ತಗ್ಗಿಸಿದ್ದು ಮಾತ್ರ ನನಗೆ ತಡೆಯಲಾಗಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಚಳ್ಳಕೆರೆಗೆ ಹೋಗಿ ಅಜ್ಜಿಯ ಮಂಚದ ಪಕ್ಕ ಹಾಳೆ ಪೆನ್ಸಿಲ್ ಹಿಡಿದು ಕೂತೆ. ಆಯಮ್ಮ ಆಂಧ್ರದ ಗಡಿ ಕಡೆಯ ತಾತನೊಬ್ಬನನ್ನು ತೆಲುಗಿನಲ್ಲಿ ಗದರಿಸುತ್ತ ಗಂಜಿ ಕುಡಿಸುತ್ತಿದ್ದರು. ಆಗ ಕಂಡಿತು. ಎಡಹುಬ್ಬು ಬಲಹುಬ್ಬಿಗಿಂತ ಮೇಲೆ. ನಕ್ಕರೆ ಬಾಯಿ ಒಂದು ಪಕ್ಕಕ್ಕೆ ಓಡುತ್ತದೆ. ಒಂದು ಕೆನ್ನೆಯಲ್ಲಿ ಗುಳಿ, ಇನ್ನೊಂದರಲ್ಲಿ ಸುಕ್ಕು. ಮಡಚಿದರೆ ಒಂದಕ್ಕೊಂದು ಕೂಡುವ ಮುಖವೇ ಅಲ್ಲ ಅದು.

“ಏನಮ್ಮ ಬರಿತಿದೀಯ?” ಎಂದು ಅಲ್ಲಿಂದಲೇ ಕೇಳಿದರು.

“ಸೀರೆ ಅಂಚುರೀ” ಅಂದೆ, ಹಾಳೆ ಮುಚ್ಚಿಕೊಂಡು.

ಸನ್ಮಾನದ ದಿನ ಯಜಮಾನರು ಹೊಸ ಚಿತ್ರ ನೋಡಿ ಮುಖ ಸಿಂಡರಿಸಿದರು. “ಬಾಯಿ ಸೊಟ್ಟಗೈತಲ್ಲಮ್ಮ. ಹುಬ್ಬಾದ್ರೂ ಸರಿ ಮಾಡು.”

“ಸರಿ ಮಾಡಿದ್ರೆ ಅವರಲ್ಲರೀ” ಅಂದೆ. ಗೊಣಗುತ್ತ ಅದನ್ನು ವೇದಿಕೆಯ ಮೂಲೆಗೆ ಒರಗಿಸಿದರು.

ಅಜ್ಜಿಗೆ ದಪ್ಪ ಗಾಜಿನ ಕನ್ನಡಕ ಹಾಕಿದರು. ಕೈಹಿಡಿದು ಚಿತ್ರದ ಮುಂದೆ ನಿಲ್ಲಿಸಿ, “ನೋಡು, ನಿನ್ನ ಆಯಮ್ಮ” ಅಂದೆ. ಅಜ್ಜಿ ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಜನರ ಕಡೆ ತಿರುಗಿ ನನ್ನ ಕೈ ಬಿಟ್ಟಳು. ವೇದಿಕೆಯ ಕುರ್ಚಿ ಖಾಲಿಯಿತ್ತು. ಅದರಲ್ಲಿ ಕೂರಬೇಕಿದ್ದ ಆಯಮ್ಮ ಎಲ್ಲೋ ಹೆಂಗಸರ ನಡುವೆ ನೆಲದ ಮೇಲೆ ಕೂತು ಯಾರಿಗೋ ಕನ್ನಡಕ ಒರೆಸಿಕೊಡುತ್ತಿದ್ದರು, ದನಿಯಿಂದ ಗುರುತು ಹಿಡಿಯೋಣವೆಂದರೆ ಬಾಯಿಬಿಟ್ಟು ಮಾತೂ ಆಡುತ್ತಿರಲಿಲ್ಲ. ಅಜ್ಜಿ ಒಂದೊಂದೇ ಮುಖ ನೋಡುತ್ತ ನಡೆದಳು. ಮೈತುಂಬ ಒಡವೆ ಹೇರಿಕೊಂಡು ಮುಂದೆ ಕೂತಿದ್ದ ಯಜಮಾನರ ಹೆಂಡತಿಯನ್ನೂ ದಾಟಿದಳು. ಕೊನೆಗೆ ಕನ್ನಡಕ ಒರೆಸುತ್ತಿದ್ದ ಆಕೆಯ ಮುಂದೆ ಕುಕ್ಕರಿಸಿ, ಆ ಎಡಹುಬ್ಬನ್ನು ಬೆರಳಿನಿಂದ ಸವರಿದಳು.

“ನೀನೇ ಕಣವ್ವ” ಅಂದಳು.

ಜನ ಚಪ್ಪಾಳೆ ತಟ್ಟಿದ ಸದ್ದಿಗೆ ಶಾಮಿಯಾನ ಹಾರಿಹೋಗದಿದ್ದುದೇ ಹೆಚ್ಚು. ಯಜಮಾನರು ತಾವೇ ಓಡಿಹೋಗಿ ಚಿತ್ರವನ್ನು ಮೂಲೆಯಿಂದ ಎತ್ತಿ ವೇದಿಕೆಯ ನಟ್ಟನಡುವೆ ನಿಲ್ಲಿಸಿದರು. ಆಕೆ ಅಜ್ಜಿಯ ಕೈ ಹಿಡಿದುಕೊಂಡೇ ಬಂದು ನೋಡಿದರು. ಬಾಯಿ ಒಂದು ಪಕ್ಕಕ್ಕೆ ಓಡಿತು.

“ಯಾರು ಬರೆದಿದ್ದು ಇದನ್ನ?”

ನಾನು ಬಾಯಿ ತೆರೆಯುವ ಮೊದಲೇ, ಎಲ್ಲರ ಹಿಂದಿನಿಂದ, ಮೈಕಿನ ಹಂಗಿಲ್ಲದೆ ಅಪ್ಪನ ದನಿ ಕೇಳಿತು. “ನನ್ ಮಗಳುರೀ!”